ಕೂಗಿದ ಹಿಟ್ಟಿನ ಕೋಳಿ

ಜನ್ನನ ‘ಯಶೋಧರ ಚರಿತೆ’ಯನ್ನು ನಾನು ಮೊದಲು ಓದಿದ್ದು ಬಿ.ಎ. ಎರಡನೇ ವರ್ಷದಲ್ಲಿ, ಪರೀಕ್ಷೆಗೆಂದು. ಪಾಠ ಹೇಳುತ್ತಿದ್ದ ಸರ್ ಬಹಳ ಒಳ್ಳೆಯವರು, ಅಷ್ಟೇ ಸಂಕೋಚದವರು. ರಾಣಿ ಅಮೃತಮತಿ ನಡುರಾತ್ರಿ ಎದ್ದು ಮಾವುತನ ಬಳಿ ಹೋಗುವ ಭಾಗ ಬಂದಾಗ ಅವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಕಿಟಕಿಯ ಕಡೆ ತಿರುಗಿ, ಒಂದೇ ಉಸಿರಿಗೆ ಅರ್ಥ ಹೇಳಿ ಮುಗಿಸಿದರು. ಹಿಂದಿನ ಬೆಂಚಿನ ಹುಡುಗರು ಕೆಮ್ಮಿದರು. ನಾವು ಏಳು ಜನ ಹುಡುಗಿಯರು ತಲೆ ತಗ್ಗಿಸಿ ಕೂತಿದ್ದೆವು. ಪರೀಕ್ಷೆಯಲ್ಲಿ ಬಂದದ್ದೂ ಅದೇ: ಅಮೃತಮತಿಯ ಪಾತ್ರವನ್ನು ವಿವರಿಸಿರಿ. ನಂತರದ ವರ್ಷಗಳಲ್ಲಿ ಈ ಕಾವ್ಯದ ಮೇಲೆ ನನ್ನ ಕೈಗೆ ಸಿಕ್ಕ ಲೇಖನಗಳನ್ನೆಲ್ಲ ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವೂ ರಾಣಿಯ ಹಿಂದೆಯೇ ಹೋಗಿವೆ. ರಾಜನಂಥ ಗಂಡನನ್ನು ಬಿಟ್ಟು ಆ ಕುರೂಪಿಯನ್ನು ಯಾಕೆ ಮೆಚ್ಚಿದಳು ಎಂಬುದೇ ಎಲ್ಲರಿಗೂ ತೀರದ ಪ್ರಶ್ನೆ. ಅದೇ ಕಾವ್ಯದ ನಡುವೆ ಒಂದು ಕೋಳಿ ಇದೆ. ಅದರ ಕಡೆ ತಿರುಗಿ ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ.

ಕತೆ ಮರೆತವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಇದನ್ನು ಮುಗಿಸಿದ್ದು 1209ರಲ್ಲಿ. ಸಂಸ್ಕೃತದಲ್ಲಿ ವಾದಿರಾಜ ಬರೆದಿದ್ದ ಕತೆಯನ್ನೇ ಹಿಡಿದು ಮುನ್ನೂರು ಚಿಲ್ಲರೆ ಪದ್ಯಗಳಲ್ಲಿ ಹೇಳಿದ್ದಾನೆ. ಹೆಂಡತಿಯ ಗುಟ್ಟನ್ನು ಕಣ್ಣಾರೆ ಕಂಡ ಯಶೋಧರ ರಾಜ ಮಾರನೆಯ ದಿನ ತಾಯಿಯ ಮುಂದೆ ನಿಜ ಹೇಳಲಾರದೆ, ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ ಚಂದ್ರಮತಿಗೆ ಗಾಬರಿ. ದೇವಿಗೆ ಪ್ರಾಣಿಬಲಿ ಕೊಟ್ಟು ಶಾಂತಿ ಮಾಡಿಸು ಎಂದು ಹಟ ಹಿಡಿಯುತ್ತಾಳೆ. ಕೊಲ್ಲುವುದು ಪಾಪ, ನಾನೊಲ್ಲೆ ಎನ್ನುತ್ತಾನೆ ಮಗ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಒಂದು ಉಪಾಯ ಸಿಗುತ್ತದೆ: ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನು ಕಡಿಯುವುದು. ಕೋಳಿ ಚೆನ್ನಾಗಿಯೇ ಆಗುತ್ತದೆ. ರಾಜ ಕತ್ತಿ ಬೀಸುತ್ತಾನೆ. ಹಿಟ್ಟಿನ ಕೋಳಿ ಕೂಗಿಬಿಡುತ್ತದೆ!

ಆಮೇಲೆ ತಾಯಿ ಮಗ ಇಬ್ಬರೂ ರಾಣಿ ಹಾಕಿದ ವಿಷಕ್ಕೆ ಸಾಯುತ್ತಾರೆ. ಹಿಟ್ಟಿನ ಕೋಳಿಯನ್ನು ಕಡಿದ ಪಾಪಕ್ಕೆ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ ಎಂದು ಜನ್ಮದ ಮೇಲೆ ಜನ್ಮ ಎತ್ತುತ್ತಾರೆ. ಕಡೆಗೆ ನಿಜವಾದ ಕೋಳಿಗಳಾಗಿ, ಸ್ವಂತ ಮಗನ ಬಾಣಕ್ಕೇ ಬಲಿಯಾಗುತ್ತಾರೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಮಧ್ಯಾಹ್ನ, ಕರೆಂಟಿಲ್ಲದೆ ಬೋರ್ಡೂ ಕಾಣದಂಥ ಹೊತ್ತಿನಲ್ಲಿ, ಎಂಟನೇ ತರಗತಿಯ ಮಕ್ಕಳಿಗೆ ಈ ಕತೆ ಹೇಳಿದೆ. ಅಮೃತಮತಿಯ ಭಾಗ ಬಂದಾಗ ನಾನೂ ನಮ್ಮ ಸರ್ ಹಾಗೆ ಕಿಟಕಿಯ ಕಡೆ ತಿರುಗಿದೆ, ಸುಳ್ಳೇಕೆ ಹೇಳಲಿ! ಕೋಳಿ ಕೂಗಿದ್ದನ್ನು ಹೇಳಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಯ ಸಾಲಿನಲ್ಲಿದ್ದ ಸಿದ್ದಿಯವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ಅಕ್ಕೋರೆ, ತಿನ್ನೂಕಲ್ದೇ ಹೋದ್ರೆ ಯಾಕೆ ಕಡ್ದ್ರು?”

ಉಳಿದ ಮಕ್ಕಳು ನಕ್ಕರು. ಅವಳು ನಗಲಿಲ್ಲ. ಅವಳ ಮನೆಯಲ್ಲಿ ಮಳೆ ಹಿಡಿದಾಗ ಹಳ್ಳದಿಂದ ಏಡಿ ಹಿಡಿದು ತರುತ್ತಾರೆ, ಹಬ್ಬಕ್ಕೋ ನೆಂಟರು ಬಂದಾಗಲೋ ಮನೆಯ ಕೋಳಿ ಕೊಯ್ಯುತ್ತಾರೆ. ಕೊಲ್ಲುವುದು ತಿನ್ನುವುದಕ್ಕೆ ಎಂದೇ ಅವಳು ತಿಳಿದಿದ್ದಾಳೆ. ಕೆಟ್ಟ ಕನಸಿಗೆಂದು ಕಡಿಯುವುದು, ಅದೂ ಕಡಿದಂತೆ ನಟಿಸುವುದು ಅವಳಿಗೆ ಅರ್ಥವೇ ಆಗಲಿಲ್ಲ. ಹೆದರಿಕೆಗೆ ಕಡಿದರು ಎಂದೆ. “ಕೋಳಿಗೆ ಹೆದರಿಕೆ ಆಗೂದಿಲ್ಲಾ?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬದುಕಿಕೊಂಡೆ.

ಆ ರಾತ್ರಿ ಪುಸ್ತಕ ತೆಗೆದು ಮತ್ತೆ ಓದಿದೆ. ಜನ್ನ ದೊಡ್ಡ ಕವಿ ಎಂಬುದರಲ್ಲಿ ಎರಡು ಮಾತಿಲ್ಲ. ಕೊಲ್ಲುವ ಸಂಕಲ್ಪವೇ ಕೊಲೆ ಎಂಬ ಜೈನರ ಕಟ್ಟುನಿಟ್ಟಿನ ಮಾತನ್ನು ಅವನು ಉಪದೇಶ ಮಾಡಿ ಹೇಳುವುದಿಲ್ಲ, ಹಿಟ್ಟಿನ ಬಾಯಿಂದ ಕೂಗಿಸುತ್ತಾನೆ. ‘ನಾನು ಕೊಂದಿಲ್ಲ, ಹಿಟ್ಟನ್ನಷ್ಟೇ ಕಡಿದೆ’ ಎನ್ನುವ ನೆಪಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ನಾನು ಬೇರೆಲ್ಲೂ ಓದಿಲ್ಲ. ಆದರೆ ಹುಡುಗಿಯ ಎರಡನೆಯ ಪ್ರಶ್ನೆಗೆ ಕಾವ್ಯದಲ್ಲಿ ಉತ್ತರ ಸಿಗಲಿಲ್ಲ. ಜನ್ನನ ಕಣ್ಣೆಲ್ಲ ರಾಜನ ಆತ್ಮದ ಮೇಲೆ. ಕತ್ತಿ ಎತ್ತಿದವನಿಗೆ ಏನಾಯಿತು, ಎಷ್ಟು ಜನ್ಮ ಎತ್ತಿದ, ಹೇಗೆ ಪಾರಾದ, ಇದೇ ಲೆಕ್ಕ. ಈ ಲೆಕ್ಕದಲ್ಲಿ ಹಿಟ್ಟಿನ ಕೋಳಿಯೂ ಜೀವದ ಕೋಳಿಯೂ ಒಂದೇ. ಕಡಿಯುವವನಿಗೆ ಒಂದೇ ಇರಬಹುದು. ಕೋಳಿಗೆ ಒಂದೇ ಅಲ್ಲವಲ್ಲ!

ಪ್ರಾಣಿಯಾಗಿ ಹುಟ್ಟುವುದನ್ನು ಅವನು ಶಿಕ್ಷೆ ಎಂದು ಬಗೆದದ್ದೂ ನನಗೆ ಒಗ್ಗುವುದಿಲ್ಲ. ನವಿಲಾಗುವುದು ಶಿಕ್ಷೆಯೇ? ನಮ್ಮ ತೋಟದ ಅಂಚಿಗೆ ಬೆಳಿಗ್ಗೆ ಬರುವ ನವಿಲುಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಇನ್ನು ಆ ತಾಯಿ. ಮಗ ಹೇಳಿದ ಸುಳ್ಳನ್ನು ನಂಬಿ ಹೆದರಿದ್ದಷ್ಟೇ ಅವಳ ತಪ್ಪು. ಮಕ್ಕಳಿಗೆ ಕನಸು ಬಿತ್ತೆಂದರೆ, ಜ್ವರ ಬಂತೆಂದರೆ ನಾವೆಲ್ಲ ಉಪ್ಪು ಮೆಣಸು ನಿವಾಳಿಸುವವರೇ. ಮಗನಷ್ಟೇ ಜನ್ಮಗಳನ್ನು ಅವಳಿಗೂ ಹಂಚಿದ್ದು ಕವಿಯ ನ್ಯಾಯ, ನನ್ನದಲ್ಲ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕತೆಯಿಂದ ‘ಹಿಟ್ಟಿನ ಹುಂಜ’ ನಾಟಕ ಬರೆದಾಗ ಅತ್ತೆ, ಸೊಸೆ ಇಬ್ಬರಿಗೂ ಮಾತು ಕೊಟ್ಟರು. ಅಲ್ಲಿ ಅತ್ತೆ ಬಲಿ ಕೊಡುವ ಮತದವಳು, ಸೊಸೆ ಜೈನಳು, ನಡುವೆ ಮಗ ಸಿಕ್ಕಿಕೊಂಡಿದ್ದಾನೆ. ಆ ಮನೆ ನನಗೆ ಹೆಚ್ಚು ಪರಿಚಯದ್ದು ಅನ್ನಿಸುತ್ತದೆ.

ನಮ್ಮ ಜಿಲ್ಲೆಯಲ್ಲೇ ಹಿಟ್ಟಿನ ಕೋಳಿಯಂಥದೊಂದು ನಿಜವಾಗಿಯೂ ನಡೆದುಹೋಗಿದೆ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಹಿಂದೆ ಅಲ್ಲಿ ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಪ್ರಾಣಿಬಲಿ ನಡೆಯುವ ಗುಡಿಗೆ ಕಾಲಿಡಲು ಒಪ್ಪಲಿಲ್ಲವೆಂದೂ, ಊರ ಹಿರಿಯರು ಬಲಿಯನ್ನು ನಿಲ್ಲಿಸಿದರೆಂದೂ ಇಲ್ಲಿ ಕೇಳದವರಿಲ್ಲ. ರಾಜ್ಯದ ಪ್ರಾಣಿಬಲಿ ತಡೆ ಕಾಯಿದೆ 1959ರದು, ಶಿರಸಿ ಅದಕ್ಕಿಂತ ಎಷ್ಟೋ ಮೊದಲು. ಈಗ ಅಲ್ಲಿ ನಡೆಯುವುದು ಸಾತ್ವಿಕ ಬಲಿ. ಆಯುಧ ಪೂಜೆಯ ದಿನ ನಾವು ಸ್ಕೂಟರಿನ ಮುಂದೆ ಒಡೆಯುವ ಬೂದುಗುಂಬಳವೂ ಅದೇ ವಂಶದ್ದು. ಒಳಗೆ ಕುಂಕುಮ ತುಂಬಿ ಕೆಂಪಗೆ ಮಾಡುತ್ತೇವಲ್ಲ, ಅದು ಯಾವುದರ ಕೆಂಪು ಎಂದು ಯೋಚಿಸಿದ್ದೇವೆಯೇ? ಜನ್ನನನ್ನು ಕೇಳಿದರೆ ಎಲ್ಲವೂ ಒಂದೇ, ಸಂಕಲ್ಪ ಹೋಗಿಲ್ಲ ಎನ್ನುತ್ತಿದ್ದ. ನಾನು ಹಾಗನ್ನಲಾರೆ. ಕೋಣ ಬದುಕಿತು. ಮನುಷ್ಯರ ಮನಸ್ಸು ಎಷ್ಟು ಶುದ್ಧವಾಯಿತೋ ದೇವಿಗೇ ಗೊತ್ತು, ಆದರೆ ಜಾತ್ರೆ ಮುಗಿದ ಮರುದಿನ ಕೋಣ ಹುಲ್ಲು ತಿಂದಿತು.

ಇದೇ ಗಾಂಧೀಜಿಯ ಇನ್ನೊಂದು ಸಂಗತಿ ಅವರ ಆತ್ಮಕಥೆಯಲ್ಲಿದೆ. ಕಲ್ಕತ್ತೆಯಲ್ಲಿ ಹೆಚ್ಚು ಹಾಲು ಹಿಂಡಲು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಸುದ್ದಿ ತಿಳಿದು ಅವರು ಹಾಲು ಬಿಟ್ಟಿದ್ದರು. 1918ರಲ್ಲಿ ಸಾಯುವಂಥ ಕಾಯಿಲೆ ಬಿದ್ದಾಗ ವೈದ್ಯರು ಹಾಲು ಕುಡಿಯಲೇಬೇಕು ಎಂದರು. ಪಕ್ಕದಲ್ಲಿ ನಿಂತಿದ್ದ ಕಸ್ತೂರಬಾ ದಾರಿ ತೋರಿಸಿದರು: ನಿಮ್ಮ ವ್ರತ ಹಸು ಎಮ್ಮೆಗಳದ್ದಾದರೆ ಆಡಿನ ಹಾಲಿಗೆ ಅಡ್ಡಿಯೇನು? ಗಾಂಧೀಜಿ ಕುಡಿದರು, ಬದುಕಿದರು. ವ್ರತದ ಅಕ್ಷರ ಉಳಿಯಿತು, ಜೀವ ಹೋಯಿತು ಎಂಬ ಚುಚ್ಚುವಿಕೆಯನ್ನು ಮುಚ್ಚಿಡದೆ ಬರೆದೂ ಇಟ್ಟರು. ಚಂದ್ರಮತಿಯ ಹಿಟ್ಟಿನ ಕೋಳಿಗೂ ಕಸ್ತೂರಬಾ ಅವರ ಆಡಿನ ಹಾಲಿಗೂ ನಂಟಿದೆ ಎಂದು ನನಗೆ ತೋರುತ್ತದೆ. ಪ್ರೀತಿಸಿದವರ ಜೀವಕ್ಕೆ ಹೆದರಿದ ಹೆಂಗಸರು ಹುಡುಕಿದ ಸಂದು ದಾರಿಗಳು ಅವು. ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರಬೇಕು, ಇಲ್ಲದಿದ್ದರೆ ಇಷ್ಟು ಹೊತ್ತು ಬೇರೆಯವರ ಕೋಳಿಯ ಲೆಕ್ಕ ಹಾಕಿದಂತಾಗುತ್ತದೆ.

ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದದ್ದು ನಿಮಗೆ ಗೊತ್ತೇ ಇದೆ. 2021ರ ಡಿಸೆಂಬರಿನಲ್ಲಿ ರಾಜ್ಯದ ಉತ್ತರದ ಕೆಲವು ಜಿಲ್ಲೆಗಳಿಗೆ, 2022ರಲ್ಲಿ ಎಲ್ಲ ಕಡೆಗೆ, 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನ. ತಿನ್ನದವರಿಗೆ ಬಾಳೆಹಣ್ಣು. ಒಂದು ದಿನ ಅಡುಗೆಯವಳೊಬ್ಬಳು ಬರಲಿಲ್ಲ. ಇದ್ದವಳಿಗೆ ಕೈ ಸಾಲದೆ ನಾನೂ ಕೂತು ಮೊಟ್ಟೆ ಸುಲಿದೆ. ಐವತ್ತು ದಾಟಿದ ಮೇಲೆ ಮೊದಲ ಸಲ ಮುಟ್ಟಿದ್ದು. ಬೆಚ್ಚಗೆ, ನುಣ್ಣಗಿತ್ತು. ಸಿದ್ದಿಯವರ ಹುಡುಗಿ ತನ್ನದನ್ನು ತಟ್ಟೆಯಂಚಿಗೆ ಸರಿಸಿಟ್ಟು, ಅನ್ನ ಸಾರು ಮುಗಿಸಿ, ಕೊನೆಗೆ ಅದನ್ನು ಸಣ್ಣ ಸಣ್ಣಗೆ ಕಚ್ಚಿ ತಿಂದಳು. ನಾವು ಪಾಯಸವನ್ನು ಕೊನೆಗೆ ಉಳಿಸಿಕೊಳ್ಳುವ ಹಾಗೆ.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅತ್ತೆ ಜಗಲಿಯಲ್ಲೇ ತಡೆದರು. “ತಂಗಿ, ಮಿಂದ್ಕಂಡೇ ಒಳಬಾ.” ಬೈಯಲಿಲ್ಲ. ಎಂಬತ್ತು ದಾಟಿದವರು, ಅವರ ಮಡಿ ಅವರದು. ನಾನು ಮಿಂದು ಒಳಗೆ ಹೋದೆ. ಹೋಗುವಾಗ ಕೊಟ್ಟಿಗೆಯಲ್ಲಿ ಕರು ಕೂಗಿತು. ಹುಟ್ಟಿ ಇಪ್ಪತ್ತು ದಿನವಾಗಿತ್ತು. ಗಂಡು ಕರು.

ಅಡಿಕೆ ತೋಟವಿದ್ದವರ ಮನೆಯಲ್ಲಿ ದನ ಇರಲೇಬೇಕು. ಹಾಲಿಗಿಂತ ಗೊಬ್ಬರಕ್ಕೆ. ಬೆಟ್ಟದ ಸೊಪ್ಪು, ದನದ ಸಗಣಿ, ಇವಿಲ್ಲದೆ ತೋಟವಿಲ್ಲ. ಮೊದಲು ಮಲೆನಾಡು ಗಿಡ್ಡಗಳಿದ್ದವು. ಲೋಟ ಹಾಲು ಕೊಟ್ಟರೂ ಗುಡ್ಡದಲ್ಲಿ ಮೇದು ತಾವೇ ಮನೆಗೆ ಬರುತ್ತಿದ್ದವು, ಗಂಡು ಹುಟ್ಟಿದರೆ ಎತ್ತಾಗುತ್ತಿತ್ತು. ಡೇರಿಗೆ ಹಾಲು ಹಾಕಲು ಶುರುಮಾಡಿದ ಮೇಲೆ ಜರ್ಸಿ ಬಂತು. ಜರ್ಸಿಯ ಗಂಡು ಕರುವಿಗೆ ಹಿಣಿಲಿಲ್ಲ, ನೊಗ ನಿಲ್ಲುವುದಿಲ್ಲ, ಉಳಲು ಈಗ ಟಿಲ್ಲರಿದೆ. ಹಾಲು ಬೇಕಾದರೆ ಹಸು ಕರು ಹಾಕಬೇಕು, ಹಾಕಿದ್ದರಲ್ಲಿ ಅರ್ಧ ಗಂಡು. ಹಾಗಾದರೆ ಇಷ್ಟು ವರ್ಷ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಗಂಡು ಕರುಗಳೆಲ್ಲ ಎಲ್ಲಿ? ವರ್ಷಕ್ಕೊಮ್ಮೆ ಒಬ್ಬ ಬರುತ್ತಿದ್ದ. ಯಜಮಾನರು ಅಂಗಳದ ಆಚೆಗೇ ನಿಂತು ಮಾತು ಮುಗಿಸುತ್ತಿದ್ದರು. ನಾನು ಆ ಹೊತ್ತಿಗೆ ಒಳಗೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಎಲ್ಲಿಗೆ ಒಯ್ಯುತ್ತಾನೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ದುಡ್ಡಿನಲ್ಲಿ ಒಮ್ಮೆ ಮಗಳಿಗೆ ಕಾಲ್ಗೆಜ್ಜೆ ತಂದ ನೆನಪಿದೆ. ಮೊಟ್ಟೆ ಮುಟ್ಟಿದರೆ ಮೀಯಬೇಕಾದ ಮನೆಯಲ್ಲಿ ಆ ದುಡ್ಡನ್ನು ಮುಟ್ಟಿ ಯಾರೂ ಮಿಂದದ್ದಿಲ್ಲ.

ಇದು ನಮ್ಮ ಹಿಟ್ಟಿನ ಕೋಳಿ. ಅಲ್ಲ, ತಪ್ಪಿದೆ. ಯಶೋಧರ ಕಡಿದದ್ದು ಹಿಟ್ಟನ್ನು, ನಮ್ಮದು ನಿಜವಾದ ಕರು. ನಾವು ಕತ್ತಿಯನ್ನಷ್ಟೇ ಇನ್ನೊಬ್ಬನ ಕೈಗೆ ಕೊಟ್ಟದ್ದು.

ಮೊಟ್ಟೆಯಲ್ಲಿ ಹಿಂಸೆಯಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಫಾರಂ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ, ಅದು ಕೂಗಲಾರದ್ದು, ನಿಜ. ಆದರೆ ಮೊಟ್ಟೆಯಿಡುವ ಜಾತಿಯ ಕೋಳಿಗಳನ್ನು ಮರಿ ಮಾಡಿಸುವಲ್ಲಿ ಗಂಡು ಮರಿಗಳು ಮೊಟ್ಟೆಗೂ ಆಗದೆ ಮಾಂಸಕ್ಕೂ ಆಗದೆ, ಹುಟ್ಟಿದ ದಿನವೇ ಸಾಯುತ್ತವೆ. ಜರ್ಮನಿಯಲ್ಲಿ 2022ರಿಂದ ಇದನ್ನು ನಿಷೇಧಿಸಿದ್ದಾರೆ. ಓದಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಕೊಟ್ಟಿಗೆ. ಅಲ್ಲೂ ಗಂಡು ಮರಿ, ಇಲ್ಲೂ ಗಂಡು ಕರು. ಹಾಲು ಲೋಟಕ್ಕೆ ಬರುವ ದಾರಿಯೂ ಮೊಟ್ಟೆ ತಟ್ಟೆಗೆ ಬರುವ ದಾರಿಯೂ ಇಷ್ಟು ಹತ್ತಿರ ಎಂದು ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಒಪ್ಪಿಯಾರು? ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಬರುವ ಮೀನಿನ ಗಾಡಿ ಇಡಗುಂದಿ ದಾಟುವಾಗ ಬಸ್ಸಿಗೆ ಕಾಯುತ್ತಾ ಸೆರಗನ್ನು ಮೂಗಿಗೆ ಹಿಡಿಯುವವರಲ್ಲಿ ನಾನೂ ಒಬ್ಬಳು. ಆ ಮೀನು ಕೊಳ್ಳುವವಳು ಬುಟ್ಟಿಗೆ ಕೈ ಹಾಕಿ, ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ ಒಯ್ಯುತ್ತಾಳೆ. ತಾನು ತಿನ್ನುವುದರ ಕಣ್ಣನ್ನು ಅವಳು ನೋಡಿರುತ್ತಾಳೆ.

ತಿನ್ನುವವರನ್ನು ಹೊಗಳಿ ತಿನ್ನದವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾನು ಮಾಂಸ ತಿಂದವಳಲ್ಲ, ತಿನ್ನುವುದೂ ಇಲ್ಲ. ಕೊಲ್ಲದೆ ಬದುಕಬಹುದಾದರೆ ಬದುಕುವುದು ಒಳ್ಳೆಯದೆಂದೇ ಈಗಲೂ ನಂಬಿದ್ದೇನೆ. ಆದರೆ ನಮ್ಮ ಮನೆಗಳಲ್ಲಿ ತಿನ್ನದಿರುವುದು ಯಾರಿಗಾಗಿ ಎಂದು ಕೇಳಿಕೊಂಡರೆ, ಕೋಳಿಗಾಗಿ ಎಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಕೈ, ನಮ್ಮ ಪಾತ್ರೆ, ನಮ್ಮ ಜನ್ಮ ಶುದ್ಧವಾಗಿರಲಿ ಎಂದು. ಜನ್ನನ ರಾಜನ ಚಿಂತೆಯೂ ಅದೇ ಆಗಿತ್ತು. ಎಂಟುನೂರು ವರ್ಷ ನಾವು ಆ ಕಾವ್ಯವನ್ನು ಮೆಚ್ಚಿಕೊಂಡು ಬಂದದ್ದರಲ್ಲಿ ಇದೂ ಒಂದು ಕಾರಣವಿರಬಹುದು.

2021ರಲ್ಲಿ ಜಾನುವಾರು ಹತ್ಯೆಯ ಹೊಸ ಕಾಯಿದೆ ಜಾರಿಗೆ ಬಂದ ಮೇಲೆ ಅಂಗಳದ ಆಚೆ ನಿಲ್ಲುತ್ತಿದ್ದವನು ಬರುವುದು ನಿಂತಿದೆ. ಅಲ್ಲೊಂದು ಇಲ್ಲೊಂದು ಕರು ಹೆದ್ದಾರಿಯ ಬದಿಯಲ್ಲಿ ಲಾರಿಗಳ ನಡುವೆ ನಿಂತಿರುವುದು ಕಾಣುತ್ತದೆ. ಯಾರ ಮನೆಯದೆಂದು ಅಲ್ಲೂ ಯಾರೂ ಕೇಳುವುದಿಲ್ಲ.

ನಮ್ಮ ಕರುವನ್ನು ಇಟ್ಟುಕೊಳ್ಳೋಣ ಎಂದು ನಾನೇ ಹೇಳಿದೆ. ಯಜಮಾನರು ಹುಲ್ಲಿನ ಲೆಕ್ಕ ಹೇಳಿದರು, ಕೊಟ್ಟಿಗೆಯ ಜಾಗದ ಲೆಕ್ಕ ಹೇಳಿದರು. ಎರಡೂ ಸರಿಯಾಗಿಯೇ ಇದ್ದವು. ಮುಂದಿನ ಸಲವೂ ಗಂಡೇ ಆದರೆ ಎಂದು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಕೋಲೂರಿಕೊಂಡು ಕೊಟ್ಟಿಗೆಗೆ ಹೋಗಿ ಅಕ್ಕಚ್ಚಿನ ಬಾನಿಯ ಹತ್ತಿರ ನಿಂತಿದ್ದರು. “ಇದಕ್ಕೆ ಎಂತ ಹೆಸರಿಟ್ಯೆ?” ಎಂದು ಕೇಳಿದರು. ಗಂಡು ಕರುಗಳಿಗೆ ನಮ್ಮಲ್ಲಿ ಹೆಸರಿಡುವ ಪದ್ಧತಿ ತಪ್ಪಿ ಬಹಳ ವರ್ಷವಾಗಿತ್ತು.