ಹೆಬ್ಬೆರಳು ಬಾಯೊಳಗೆ

ಕಳೆದ ವಾರ ಈ ಅಂಕಣದಲ್ಲಿ ಕುತ್ತಿಗೆಯ ಮಾತು ಮುಗಿಸಿ, ಮುಂದಿನ ಸಲ ದವಡೆ ಎಂದಿದ್ದೆ. ಸಂಪಾದಕರ ಫೋನು ಎರಡು ಸಲ ಬಂದಾಗಿದೆ.

ದವಡೆಯ ಕೀಲು ಬಾಗಿಲ ತಿರುಗಣಿಯ ಜಾತಿಯದಲ್ಲ. ಬಾಯಿ ತೆರೆದಾಗ ಮೊದಲು ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ನಡುವಿನ ಬಿಲ್ಲೆಯೂ ಜತೆಗೇ ಜಾರಬೇಕು. ಅದು ಜಾಗ ತಪ್ಪಿದ್ದರೆ ‘ಟಕ್’. ನೋವಿಲ್ಲದ ಟಕ್ಕಿಗೆ ಮದ್ದು ಬೇಡ, ದಿನಕ್ಕೆ ಹತ್ತು ಸಲ ಅದನ್ನು ಮನೆಮಂದಿಗೆ ಕೇಳಿಸುವ ಚಟ ಬಿಟ್ಟರೆ ಸಾಕು. ನೋವಿದ್ದರೆ ಬಹಳ ಸಲ ಅದು ಜಗಿಯುವ ಸ್ನಾಯುಗಳದ್ದು. ಕೀಲಿನ ನರವೇ ಕಿವಿಯ ಮುಂದಕ್ಕೂ ಹೋಗುವುದರಿಂದ ಅನೇಕರು ಕಿವಿನೋವೆಂದೇ ಹೊರಡುತ್ತಾರೆ.

1934ರಲ್ಲಿ ಈ ದವಡೆ-ಕಿವಿಯ ನೋವಿಗೊಂದು ಹೆಸರು ತಂದುಕೊಟ್ಟವರೂ ಕಿವಿ ವೈದ್ಯರೇ, ಅಮೆರಿಕದ ಸೇಂಟ್ ಲೂಯಿಯ ಜೇಮ್ಸ್ ಕಾಸ್ಟನ್. ದವಡೆಹಲ್ಲು ಉದುರಿ ಮೇಲಿನ ಸಾಲು ಕೆಳಗಿನದರ ಮೇಲೆ ಸರಿಯಾಗಿ ಕೂರದ್ದೇ ಮೂಲವೆಂದರು. ಹಲ್ಲು ತೇದು ಮಟ್ಟಮಾಡುವ ಪಂಥಕ್ಕೆ ಇದರಿಂದ ಬಲ ಬಂತು. ಆ ಪಂಥದ ಮೇಲೆ ನನಗೆ ಹಳೆಯ ಸಿಟ್ಟು: ತೇದ ಹಲ್ಲು ಮರಳಿ ಬೆಳೆಯುವುದಿಲ್ಲ.

ಸೇಂಟ್ ಲೂಯಿ ಇರುವ ಅದೇ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲೇ ಆಸ್ಟಿಯೋಪಥಿ ಎಂಬ ಕೈಚಿಕಿತ್ಸೆಯ ಶಾಲೆ ತೆರೆದಿದ್ದರು. ಆಸ್ಟಿಯೋಪಥಿಯ ಕೈಗಳು ದವಡೆಯನ್ನು ಒಂಟಿಯಾಗಿ ನೋಡುವುದಿಲ್ಲ; ಕುತ್ತಿಗೆ, ಭುಜ, ಉಸಿರಾಟ ಎಲ್ಲವನ್ನೂ ಮುಟ್ಟಿ ನೋಡುತ್ತವೆ. ಗ್ಲೌಸ್ ತೊಟ್ಟ ಬೆರಳು ಕೆನ್ನೆಯ ಒಳಗಿನಿಂದ ಗಂಟುಬಿದ್ದ ಸ್ನಾಯುವನ್ನು ಒತ್ತಿ ಹಿಡಿಯುತ್ತದೆ. ಗಲ್ಲದಡಿ ಕೈಯಿಟ್ಟು ‘ಬಾಯಿ ತೆರೆಯಿರಿ’ ಎನ್ನುತ್ತಾರೆ, ತೆರೆಯಗೊಡುವುದಿಲ್ಲ. ಐದು ಎಣಿಸಿ ಸಡಿಲಬಿಟ್ಟರೆ ಬಾಯಿ ಕೂದಲೆಳೆಯಷ್ಟು ಹೆಚ್ಚು ತೆರೆಯುತ್ತದೆ. 2023ರ ಕೊನೆಗೆ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ದೀರ್ಘಕಾಲದ ದವಡೆನೋವಿಗೆ ಕೀಲನ್ನು ಕೈಯಿಂದ ಆಡಿಸುವುದನ್ನೂ ದವಡೆಯ ವ್ಯಾಯಾಮವನ್ನೂ ಬೆಂಬಲಿಸಿದೆ. ನಾವು ಆಸ್ಟಿಯೋಪಥರು ಉಬ್ಬುವಂತಿಲ್ಲ, ಆ ಮಾತು ಫಿಸಿಯೋಥೆರಪಿಯವರಿಗೂ ಸಲ್ಲುತ್ತದೆ. ತಲೆಬುರುಡೆಯ ಮೂಳೆಗಳ ಮಿಡಿತವನ್ನು ಬೆರಳಲ್ಲಿ ಆಲಿಸುತ್ತೇವೆನ್ನುವ ಆಸ್ಟಿಯೋಪಥ್ ಸದರ್ಲ್ಯಾಂಡ್ ಅವರ ಶಿಷ್ಯರಿಗೆ ಸಲ್ಲುವುದಿಲ್ಲ. ಅವರು ನಮ್ಮವರೇ, ಆದರೂ ನಾನು ನಂಬೆ.

ಅಡಿಕೆ, ಗುಟ್ಕಾ ಜಗಿದು ಬಾಯಿ ಮೂರು ಬೆರಳಗಲ ತೆರೆಯದವರು ಮಾತ್ರ ಈ ಅಂಕಣ ಮಡಚಿಟ್ಟು ಮೊದಲು ದಂತವೈದ್ಯರಿಗೆ ಬಾಯಿ ತೋರಿಸಿ. ಅದು ಕೀಲಿನ ಕಾಯಿಲೆಯಾಗಿರಲಿಕ್ಕಿಲ್ಲ.

ಮನೆಯ ವ್ಯಾಯಾಮಗಳನ್ನು ಬರೆಯಬೇಕಿತ್ತು. ಆದರೆ ಕೈಗೆ ಸಿಕ್ಕಿದ್ದು ನನ್ನ ನೆಚ್ಚಿನ ಹಳೆಯ ಹಾಳೆ, ಎಡ್ವಿನ್ ಸ್ಮಿತ್ ಎಂಬವರು 1862ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಕೊಂಡ ವೈದ್ಯಕೀಯ ಪಪೈರಸ್. ಸುಮಾರು 3600 ವರ್ಷ ಹಳೆಯದು. ಅದರ 25ನೆಯ ಪ್ರಕರಣದಲ್ಲಿ ಒಬ್ಬನ ಬಾಯಿ ತೆರೆದದ್ದು ಮುಚ್ಚದು. ವೈದ್ಯ ಎರಡೂ ಹೆಬ್ಬೆರಳನ್ನು ಬಾಯೊಳಗೆ ದವಡೆಯ ತುದಿಗಳ ಮೇಲಿಟ್ಟು, ಉಳಿದ ಬೆರಳುಗಳನ್ನು ಗಲ್ಲದಡಿ ಕೊಟ್ಟು, ಹಿಂದಕ್ಕೆ ತಳ್ಳಿ ಕೂರಿಸಬೇಕು. ಇಂದು ಕೀಲು ತಪ್ಪಿದ ದವಡೆಯನ್ನು ತುರ್ತು ವಿಭಾಗದಲ್ಲಿ ಕೂರಿಸುವುದೂ ಹೆಚ್ಚುಕಡಿಮೆ ಹೀಗೇ. ಪಪೈರಸ್ಸಿನಲ್ಲಾದರೆ ಕೂರಿಸಿದ ಮೇಲೆ ವಾಸಿಯಾಗುವ ತನಕ ದಿನವೂ ಜೇನುತುಪ್ಪದ ಪಟ್ಟಿ.