ಆ ಮನೆಯ ಕಸ ಹೊಡೆದವರು

2025ರ ಸಂಕ್ರಾಂತಿಯ ಅರಿಷಿಣ-ಕುಂಕುಮದ ದಿನ ನಮ್ಮೂರ ಮಹಿಳಾ ಮಂಡಳದಲ್ಲಿ ನಾನು ಅಮೆರಿಕದಲ್ಲಿ ತೆಗೆದ ಇಪ್ಪತ್ತು ಫೋಟೋಗಳನ್ನು ಗೋಡೆಯ ಮೇಲೆ ತೋರಿಸಿದೆ. ಮಗಳು ಹ್ಯೂಸ್ಟನ್ನಿನಲ್ಲಿದ್ದಾಳೆ. ಅದರ ಹಿಂದಿನ ದಸರೆ ರಜೆಗೆ ಗಳಿಕೆ ರಜೆ ಜೋಡಿಸಿಕೊಂಡು ಹೋದ ನನ್ನನ್ನು ಅವಳು ನವೆಂಬರ್ ಮೊದಲ ವಾರದಲ್ಲಿ ನೆರೆಯ ಲೂಯಿಸಿಯಾನ ರಾಜ್ಯಕ್ಕೆ, ನಾಲ್ಕು ದಿನಗಳ ಫೋಟೋಗ್ರಫಿ ಪ್ರವಾಸಕ್ಕೆ ಕರೆದೊಯ್ದಳು. ಬೆಳಿಗ್ಗೆ ಜೌಗು ಕಾಡು, ಮಧ್ಯಾಹ್ನ ಹಳೆಯ ಮಹಲು. ಎಲ್ಲಿ ನಿಲ್ಲಬೇಕು, ಯಾವಾಗ ಗುಂಡಿ ಒತ್ತಬೇಕು ಎಂದು ಹೇಳಿಕೊಡಲು ಜೊತೆಗೊಬ್ಬ ಗುರು. ಎಂಟು ಜನ ಶಿಷ್ಯರಲ್ಲಿ ನಾನೇ ಎಲ್ಲರಿಗಿಂತ ವಿಧೇಯಳು. ಮಾಸ್ತರಿಕೆ ಮಾಡಿದವರು ಶಿಷ್ಯರಾದಾಗ ಹಾಗಾಗುತ್ತದೇನೋ.

ಮಂಡಳದಲ್ಲಿ ಚಪ್ಪಾಳೆ ಬಿತ್ತು. ಚಹಾದ ಕಪ್ಪು ಎತ್ತಲು ಬಂದಿದ್ದ ಹೆಣ್ಣುಮಗಳು ಬಾಗಿಲಲ್ಲಿ ನಿಂತೇ ಕೇಳಿದಳು:

"ಅಕ್ಕಾರ, ಅಷ್ಟ್ ದೊಡ್ಡ ಮನೀದು ಕಸಾ ಯಾರ್ ಹೊಡೀತಿದ್ರ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಾತ್ರ ಇಪ್ಪತ್ತೂ ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ. ಈ ಬರಹ ಆ ಚಿತ್ರಗಳ ವಿಮರ್ಶೆ. ಮೂವತ್ತು ವರ್ಷ ಬೇರೆಯವರ ಉತ್ತರಪತ್ರಿಕೆ ತಿದ್ದಿದ ಕೈ, ತನ್ನದಕ್ಕೆ ಕೆಂಪು ಪೆನ್ನು ಹಿಡಿಯುವಾಗ ಸ್ವಲ್ಪ ತಡವರಿಸುತ್ತದೆ.

ಎಲ್ಲರೂ ಮೆಚ್ಚಿದ್ದು ಓಕ್ ಆಲಿಯ ಫೋಟೋ. ಮಿಸಿಸಿಪಿ ನದಿಯ ಕಡೆಯಿಂದ ಮನೆಯವರೆಗೆ ಎರಡು ಸಾಲು ಓಕ್ ಮರಗಳು, ಒಟ್ಟು 28. ಮನೆಗಿಂತ ಹಳೆಯವು. ಕೊಂಬೆಗಳು ಮೇಲೆ ಕೂಡಿಕೊಂಡು ಮದುವೆಯ ಹಂದರದಂತೆ ಕಾಣುತ್ತವೆ. ತುದಿಯಲ್ಲಿ, 28 ಕಂಬಗಳ ಮಹಲು. ಗುರು ನಮ್ಮನ್ನು ಮೊಣಕಾಲೂರಿ ಕೂರಿಸಿದ. ಕೆಳಗಿನಿಂದ ನೋಡಿದರೆ ಹಂದರ ಎತ್ತರವಾಗುತ್ತದೆ, ಮನೆ ಸ್ವಪ್ನದಂತೆ ದೂರ ಸರಿಯುತ್ತದೆ. ನಿಜ, ಹಾಗೇ ಆಯಿತು. ಅಲ್ಲಿಗೆ ಬಂದವರೆಲ್ಲ ತೆಗೆಯುವ ಫೋಟೋ ಇದು. ಆದರೆ ಯಾರಿಗಾದರೂ ಮೊಣಕಾಲೂರಿ ಕೂತು ಪ್ರಶ್ನೆ ಕೇಳುವುದು ಕಷ್ಟ ನೋಡಿ!

1837ರಿಂದ 1839ರವರೆಗೆ ಆ ಮನೆ ಕಟ್ಟಿದವರು ಗುಲಾಮರು. ಸುತ್ತಲಿನ ಕಬ್ಬು ಕಡಿದವರೂ ಗಾಣದ ಮನೆಯಲ್ಲಿ ಬೆಂದವರೂ ಅವರೇ. ಅವರಲ್ಲಿ ಆಂತ್ವಾನ್ ಎಂಬ ಮಾಲಿ ಇದ್ದ. 1846-47ರ ಚಳಿಗಾಲದಲ್ಲಿ ಆತ ಪೆಕಾನ್ ಎಂಬ ಕಾಯಿಯ ಮರಕ್ಕೆ ಕಸಿ ಕಟ್ಟಿ ಗೆದ್ದ. ಕೈಯಿಂದ ಒತ್ತಿದರೂ ಒಡೆಯುವ ತೆಳು ಸಿಪ್ಪೆಯ ಆ ತಳಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ಪೆಕಾನ್ ಬೇಸಾಯದ ಬೆಳವಣಿಗೆಗೆ ಅಡಿಗಲ್ಲು ಆ ಕೆಲಸ. ಅಡ್ಡಹೆಸರಿಲ್ಲದ, ಬರೀ ಆಂತ್ವಾನ್. ಹೈಸ್ಕೂಲಿನಲ್ಲಿ ಕಸಿ ಪಾಠ ಬಂದಾಗ ಹೇಳಬಹುದಾದ ಹೆಸರು. ನನ್ನ ಇಪ್ಪತ್ತರಲ್ಲಿ ಅವನಿಗೆ ಸಂಬಂಧಿಸಿದ್ದು ಒಂದೂ ಇರಲಿಲ್ಲ.

ಮಹಲಿನ ಹಿಂದೆ ಗುಲಾಮರ ಗುಡಿಸಲುಗಳಿವೆ. ಹಳೆಯವು ಉಳಿದಿಲ್ಲ, ಮತ್ತೆ ಕಟ್ಟಿ 2013ರಲ್ಲಿ ತೆರೆದವು. ಅಲ್ಲಿಗೆ ಬಂದಾಗ ಗುರು ಆಕಾಶ ನೋಡಿ, "ಇಲ್ಲಿ ಬೆಳಕು ಚೆನ್ನಾಗಿಲ್ಲ, ನೀರು ಕುಡಿದು ಸುಧಾರಿಸಿಕೊಳ್ಳಿ" ಅಂದ. ನಾನು ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ನೀರು ಕುಡಿದೆ. ಅವನು ಕೆಟ್ಟವನಲ್ಲ. ಮೋಡದ ಮಧ್ಯಾಹ್ನ ಬೆಳಕು ಚಪ್ಪಟೆಯಾಗಿತ್ತು ಎಂಬುದೂ ಸುಳ್ಳಲ್ಲ. ಆದರೆ ಅದೇ ಚಪ್ಪಟೆ ಬೆಳಕಿನಲ್ಲಿ ಮಹಲಿನ ಮುಂದೆ ಒಂದು ತಾಸು ಕಾದಿದ್ದೆವಲ್ಲ?

ಇನ್ನು ಬೆಳಗಿನ ಚಿತ್ರಗಳು. ಲೇಕ್ ಮಾರ್ಟಿನ್ ಎಂಬಲ್ಲಿ ದೋಣಿಯಲ್ಲಿ ಕೂತು ತೆಗೆದವು. ಸೈಪ್ರಸ್ ಮರಗಳು ನೀರಿನಲ್ಲೇ ಬುಡ ಊದಿಸಿಕೊಂಡು ನಿಂತಿರುತ್ತವೆ. ಬೇರುಗಳು ಮೊಣಕಾಲಿನಂತೆ ನೀರಿನ ಮೇಲೆ ಏಳುತ್ತವೆ. ಸೂಜಿಯೆಲೆಯ ಜಾತಿಯಾದರೂ ಇದು ಎಲೆ ಉದುರಿಸುತ್ತದೆ. ಉದುರುವ ಮುಂಚೆ ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಕೊಂಬೆಗಳಿಂದ ಜೋತುಬಿದ್ದ ಬೂದು ಜಡೆಗೆ ಸ್ಪ್ಯಾನಿಷ್ ಪಾಚಿ ಎಂದು ಹೆಸರು. ಅದು ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ, ಅನಾನಸಿನ ಬಳಗ! ಮಂಜಿನಲ್ಲಿ ಬೆಳ್ಳಕ್ಕಿಯೊಂದು ಎದ್ದು ಹೋಯಿತು. ಆ ಫೋಟೋ ತೆಗೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ತಪ್ಪಿದ್ದು ನಾನು ಮಂಡಳದಲ್ಲಿ ಹೇಳಿದ ಮಾತಿನಲ್ಲಿ. "ಮನುಷ್ಯ ಮುಟ್ಟದ ಕಾಡು" ಅಂದೆ. ಗುರು ಹಾಗೆ ಅಂದಿದ್ದ, ನಾನು ಬಾಯಿಪಾಠ ಒಪ್ಪಿಸಿದೆ. ಆ ರಾಜ್ಯದ ಪುರಾತನ ಸೈಪ್ರಸ್ ಮರಗಳಲ್ಲಿ ಬಹುಪಾಲನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕೆಲವೇ ದಶಕಗಳಲ್ಲಿ ಕಡಿದು ಮಾರಿದರು. ಅದಕ್ಕೂ ಮುಂಚೆ, ಕಬ್ಬಿನ ಗದ್ದೆಗಳ ಹಿಂದೆ ಇಂಥ ಜೌಗು ಇರುತ್ತಿತ್ತಲ್ಲ, ತಪ್ಪಿಸಿಕೊಂಡ ಗುಲಾಮರು ಓಡಿ ಸೇರಿದ್ದು ಅಲ್ಲಿಗೇ. ಹೆಂಗಸರು ಮಕ್ಕಳು ಸಹಿತ ಅಲ್ಲಿ ಬದುಕು ಕಟ್ಟಿದರು, ಸೈಪ್ರಸ್ ದಿಮ್ಮಿ ಕೆತ್ತಿ ಸಾಮಿಲ್ಲಿಗೆ ಮಾರಿದರು. ಅವರಲ್ಲೊಬ್ಬ ನಾಯಕ ಸೇಂಟ್ ಮಾಲೊನನ್ನು 1784ರ ಜೂನ್ 19ರಂದು ನ್ಯೂ ಆರ್ಲಿಯನ್ಸಿನಲ್ಲಿ ಗಲ್ಲಿಗೇರಿಸಿದರು. ಬೆಳಗಿನ ಕಾಡೂ ಮಧ್ಯಾಹ್ನದ ಮಹಲೂ ಒಂದೇ ಕಥೆಯ ಎರಡು ಪುಟಗಳು. ಪ್ರವಾಸದವರು ಒಂದಕ್ಕೆ ಪ್ರಕೃತಿ ಎಂದೂ ಇನ್ನೊಂದಕ್ಕೆ ಇತಿಹಾಸ ಎಂದೂ ಚೀಟಿ ಅಂಟಿಸಿದ್ದರು. ಇತಿಹಾಸ ಕಲಿಸುವ ನಾನು ಅದನ್ನು ನಂಬಿದೆ.

ಪ್ರವಾಸ ಮುಗಿದ ಮೇಲೆ ಮಗಳ ಹಟದಿಂದ ನಾವಿಬ್ಬರೇ ವಿಟ್ನಿ ಎಂಬ ತೋಟಕ್ಕೆ ಹೋದೆವು. 2014ರಿಂದ ಅದು ಗುಲಾಮರ ಬದುಕನ್ನೇ ಹೇಳುವ ಮ್ಯೂಸಿಯಂ. ಮೊದಲು ಕಾಣುವುದು ಮಹಲಲ್ಲ, ಚರ್ಚಿನೊಳಗೆ ಸುಮ್ಮನೆ ನಿಂತ ಮಕ್ಕಳ ಮೂರ್ತಿಗಳು. ಕಲ್ಲಿನ ಗೋಡೆಗಳ ತುಂಬ ಹೆಸರುಗಳು, ಲಕ್ಷಕ್ಕೂ ಮಿಕ್ಕಿ. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ಹಳೆಯ ಕಚೇರಿ ಕಾಗದಗಳಿಂದ ವರ್ಷಾನುಗಟ್ಟಲೆ ಒಂದೊಂದಾಗಿ ಹೆಕ್ಕಿದ ಹೆಸರುಗಳವು. ಆ ಹೆಣ್ಣುಮಗಳ ತಾಳ್ಮೆಗೆ ಕೈಮುಗಿಯಬೇಕು. ಅಲ್ಲಿ ತೆಗೆದ ಫೋಟೋ ಇತ್ತು. ನುಣುಪು ಕಲ್ಲಿನಲ್ಲಿ ನನ್ನ ನೀಲಿ ಸ್ವೆಟರು ಕಾಣುತ್ತದೆಂದು ಮಂಡಳದಲ್ಲಿ ತೋರಿಸಿರಲಿಲ್ಲ.

2025ರ ಮೇ ತಿಂಗಳಲ್ಲಿ ಮಗಳ ಫೋನ್ ಬಂತು. ನಾವು ನೋಡಿದ್ದ ನಾಟೊವೇ ಮಹಲು 15ರಂದು ಬೆಂಕಿಗೆ ಆಹುತಿಯಾಗಿತ್ತು. 1859ರಲ್ಲಿ ಮುಗಿದ, 64 ಕೋಣೆಗಳ, ಸೈಪ್ರಸ್ ಮರದ ಮನೆ. 1860ರಲ್ಲಿ ಅದರ ಯಜಮಾನನ ಹತ್ತಿರ 155 ಗುಲಾಮರಿದ್ದರು. ಇತ್ತೀಚೆಗೆ ಮದುವೆಗಳಿಗೆ ಬಾಡಿಗೆಗೆ ಸಿಗುತ್ತಿತ್ತು. ಅಮೆರಿಕದಲ್ಲಿ ಕೆಲವರು ಅತ್ತರಂತೆ, ಕೆಲವರು ಕುಣಿದರಂತೆ. ನನಗೆ ಎರಡೂ ಆಗಲಿಲ್ಲ. ಸುಟ್ಟದ್ದು ಯಜಮಾನನ ಡೌಲು ಮಾತ್ರವಲ್ಲ, ದುಡಿದವರ ಕೈಗುರುತೂ ಹೌದು. ಸಹೋದ್ಯೋಗಿಯೊಬ್ಬರು, "ನಿಮ್ಮ ಫೋಟೋಕ್ಕೆ ಈಗ ಬೆಲೆ ಬಂತು ಬಿಡಿ" ಅಂದರು. ನಾನು ಮಾತು ಬೆಳೆಸಲಿಲ್ಲ.

ಮುಂದಿನ ಸಭೆಯ ದಿನ ಮಂಡಳಕ್ಕೆ ಬೇಗ ಹೋದೆ. ಆಕೆ ಕಸ ಹೊಡೆಯುತ್ತಿದ್ದಳು. ಗುಲಾಮರ ಸಂಗತಿ ಹೇಳಿದೆ.

"ಪಗಾರಾ ಎಷ್ಟಿತ್ತ್ರೀ?"

"ಪಗಾರ ಇರಲಿಲ್ಲವ್ವಾ. ಮನುಷ್ಯರನ್ನ ಸಂತ್ಯಾಗ ಕೊಂಡಂಗ ಕೊಳ್ತಿದ್ರು."

ಕಸಬರಿಗೆ ಗೋಡೆಗೆ ಆನಿಸಿದಳು. "ಮತ್ತ ಅವರ ಮನೀದೂ ಒಂದ್ ಫೋಟೋ ತೋರಸ್ರಿ."

ನನ್ನ ಕ್ಯಾಮೆರಾದಲ್ಲಿ ಇರಲಿಲ್ಲ. ಮಗಳು ತನ್ನ ಫೋನಿನಲ್ಲಿ ತೆಗೆದದ್ದೊಂದಿತ್ತು, ಅದನ್ನೇ ತೋರಿಸಿದೆ. ಚಪ್ಪಟೆ ಬೆಳಕು. ಹಲಗೆಯ ಗುಡಿಸಲು, ಅರ್ಧ ತೆರೆದ ಬಾಗಿಲು. ಅದರ ಮುಂದೆ ಬಾಟಲಿ ಎತ್ತಿ ನೀರು ಕುಡಿಯುತ್ತಿರುವ ನಾನು.