ಮುಖವಾಡದ ಮರ್ಮ: ‘ಜೋರೋ’ ಮತ್ತು ‘ಹಂಟರ್‌ವಾಲಿ’

ಮುಂಬಯಿಯ ಚಲಚ್ಚಿತ್ರೇತಿಹಾಸವನ್ನು ಬರೆಯುವವರು ಕಾಂದಿವಲಿಯ ನೆರೆಯ ಮಲಾಡಿನಲ್ಲಿ 1934ರಲ್ಲಿ ಸ್ಥಾಪಿತವಾದ ಬಾಂಬೆ ಟಾಕೀಸಿಗೆ ಅಗ್ರಸ್ಥಾನ ಕೊಡುವುದು ಸಹಜವೇ. ‘ಅಛೂತ್ ಕನ್ಯಾ’ದಂತಹ (1936) ಗಂಭೀರ ಸಾಮಾಜಿಕ ಚಿತ್ರವನ್ನಿತ್ತ ಸಂಸ್ಥೆ ಅದು. ಆದರೆ ಅದೇ ಕಾಲದಲ್ಲಿ ಪರೇಲಿನ ವಾಡಿಯಾ ಮೂವಿಟೋನ್ ತಯಾರಿಸಿದ ಸಾಹಸಚಿತ್ರಗಳನ್ನು ಕತ್ತಿವರಸೆ, ಕುದುರೆಸವಾರಿಗಳ ಅಗ್ಗದ ವಿನೋದವೆಂದು ಬದಿಗೊತ್ತುವುದು ನ್ಯಾಯವೆನಿಸದು. 1935ರ ‘ಹಂಟರ್‌ವಾಲಿ’ಯನ್ನು ಅದರ ಅಮೆರಿಕನ್ ಪೂರ್ವಜನೊಡನೆ ತೂಗಿ ನೋಡಿದರೆ ಈ ಮಾತು ವಿಶದವಾದೀತು.

ಆ ಪೂರ್ವಜ ‘ದಿ ಮಾರ್ಕ್ ಆಫ್ ಜೋರೋ’ (1920). ಜಾನ್‌ಸ್ಟನ್ ಮೆಕ್‌ಕಲಿ 1919ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ ‘ದಿ ಕರ್ಸ್ ಆಫ್ ಕ್ಯಾಪಿಸ್ಟ್ರಾನೋ’ ಎಂಬ ಕಾದಂಬರಿಯೇ ಅದಕ್ಕೆ ಆಧಾರ. ಹಳೆಯ ಕ್ಯಾಲಿಫೋರ್ನಿಯಾದ ಸಿರಿವಂತ ತರುಣ ಡಾನ್ ಡಿಯಾಗೋ ಹಗಲಿನಲ್ಲಿ ಆಕಳಿಸುವ ಆಲಸಿ. ಮುಖವಾಡ ತೊಟ್ಟನೆಂದರೆ ದೀನರಕ್ಷಕನಾದ ಖಡ್ಗಧಾರಿ. ಕಾದಂಬರಿಕಾರ ಈ ಗುಟ್ಟನ್ನು ಕೊನೆಯವರೆಗೂ ಬಚ್ಚಿಟ್ಟು ಓದುಗನನ್ನು ಬೆರಗುಗೊಳಿಸುತ್ತಾನೆ. ಚಿತ್ರವಾದರೋ ಪ್ರೇಕ್ಷಕನನ್ನು ಮೊದಲೇ ಗುಟ್ಟಿನಲ್ಲಿ ಪಾಲುಗೊಳಿಸುತ್ತದೆ. ಹೀಗಾಗಿ ಡಗ್ಲಾಸ್ ಫೇರ್‌ಬ್ಯಾಂಕ್ಸನ ಆಕಳಿಕೆಯೂ ಅವನ ಕತ್ತಿಯಷ್ಟೇ ಹರಿತವಾಗುತ್ತದೆ. ಬೆರಗಿನ ಸ್ಥಾನದಲ್ಲಿ ವ್ಯಂಗ್ಯ ನೆಲೆಗೊಂಡದ್ದೇ ಈ ರೂಪಾಂತರದ ಸಿದ್ಧಿ.

ಫೇರ್‌ಬ್ಯಾಂಕ್ಸನ ಅಭಿಮಾನಿಯಾಗಿದ್ದ ಜೆ. ಬಿ. ಎಚ್. ವಾಡಿಯಾ ಈ ಪರಂಪರೆಯನ್ನು ಮುಂಬಯಿಗೆ ತಂದರು. ಅವರ ಸೋದರ ಹೋಮಿ ವಾಡಿಯಾ ನಿರ್ದೇಶಿಸಿದ ‘ಹಂಟರ್‌ವಾಲಿ’ಯಲ್ಲಿ, ಆಸ್ಟ್ರೇಲಿಯಾದಲ್ಲಿ ಜನಿಸಿದ ನಾದಿಯಾ ರಾಜಕುಮಾರಿ ಮಾಧುರಿಯಾಗಿ, ದುಷ್ಟ ಮಂತ್ರಿಯ ವಿರುದ್ಧ ಮುಖವಾಡ ಧರಿಸಿ ಚಾವಟಿ ಹಿಡಿಯುತ್ತಾಳೆ. ಇಲ್ಲಿ ಆದದ್ದು ಕೇವಲ ಪಾತ್ರಪಲ್ಲಟವಲ್ಲ. ಡಿಯಾಗೋ ತನ್ನ ದೌರ್ಬಲ್ಯವನ್ನು ತಾನೇ ನಟಿಸಬೇಕು. ಮಾಧುರಿಗೆ ಆ ಶ್ರಮವಿಲ್ಲ. ‘ಅಬಲೆ’ ಎಂಬ ಮುಖವಾಡವನ್ನು ಸಮಾಜವೇ ಅವಳಿಗೆ ಮೊದಲೇ ತೊಡಿಸಿದೆ. ಬಟ್ಟೆಯ ಮುಖವಾಡ ಧರಿಸಿದಾಗಲೇ ಅವಳ ನಿಜವಾದ ಮುಖ ಹೊರಬೀಳುತ್ತದೆ. ಮೂಲದಲ್ಲಿ ಕಥಾತಂತ್ರವಾಗಿದ್ದುದು ಮುಂಬಯಿಯಲ್ಲಿ ಅರ್ಥವಾಯಿತು.

ಆದರೂ ಎರಡಕ್ಕೂ ಒಂದೇ ಮಿತಿ. ದುಷ್ಟ ಅಧಿಕಾರಿ ತೊಲಗಿದೊಡನೆ ರಾಜ್ಯ ಸರಿಹೋಗುವುದೆಂಬ ಸುಲಭ ನಂಬಿಕೆಯನ್ನು ಎರಡೂ ದಾಟುವುದಿಲ್ಲ. ಈ ಮಿತಿ ಕನ್ನಡಿಗರಿಗೆ ಬೇಗನೆ ಕಣ್ಣಿಗೆ ಬೀಳುತ್ತದೆ. ಬಿ. ಆರ್. ಪಂತುಲು ನಿರ್ದೇಶನದಲ್ಲಿ ಬಿ. ಸರೋಜಾದೇವಿ ಅಭಿನಯಿಸಿದ ‘ಕಿತ್ತೂರು ಚೆನ್ನಮ್ಮ’ (1961) ಅವರ ನೆನಪಿನಲ್ಲಿದೆ. 1824ರಲ್ಲಿ ಕಂಪನಿ ಸರಕಾರವನ್ನು ಇದಿರಿಸಿದ ರಾಣಿಗೆ ಮುಖವಾಡವಿರಲಿಲ್ಲ, ಸುಖಾಂತವೂ ಇರಲಿಲ್ಲ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅವಳ ಬಾಳು ಮುಗಿಯಿತು. ಮುಖ ಮರೆಸದ ಶೌರ್ಯ ಎಂತಹ ಬೆಲೆ ತೆರಬೇಕಾಗುತ್ತದೆಂಬುದನ್ನು ಸಾಹಸಚಿತ್ರ ಹೇಳಲಾರದು, ಇತಿಹಾಸ ಹೇಳುತ್ತದೆ.

ಹಾಗೆಂದು ‘ಹಂಟರ್‌ವಾಲಿ’ಯ ಬೆಲೆ ಕುಂದದು. ಪರದೇಶದಿಂದ ಬಂದ ಕಥೆ ನೆಲೆಯೂರಬೇಕಾದರೆ ವೇಷಭೂಷಣಗಳ ಬದಲಾವಣೆ ಸಾಲದು. ಹೊಸ ನೆಲದಲ್ಲಿ ಯಾರ ಶಕ್ತಿ ಮರೆಯಾಗಿದೆಯೆಂದು ಅದು ಕೇಳಬೇಕು. ಪರೇಲಿನ ಆ ಚಿತ್ರ ಈ ಪ್ರಶ್ನೆಯನ್ನು ಕೇಳಿತು. ಮಲಾಡಿನ ಚಿತ್ರಗಳಿಗೆ ಸಂದ ವಿಮರ್ಶೆಯ ಗೌರವ ಅದಕ್ಕೂ ಸಲ್ಲಬೇಕು.